ಸೆಕೆಂಡ್ ಹ್ಯಾಂಡ್ ನೈಟ್ರೋ ಟ್ರಕ್: ದುಡ್ಡು ಕೊಡುವ ಮೊದಲು ದೋಷ ಹಿಡಿಯುವುದು ಹೇಗೆ

"ಸ್ವಲ್ಪ ಟ್ಯೂನಿಂಗ್ ಆಗಬೇಕು ಅಷ್ಟೇ, ಗಾಡಿ ಚೆನ್ನಾಗಿದೆ." ಹಳೆಯ ನೈಟ್ರೋ ಟ್ರಕ್, ಅಂದರೆ ನೈಟ್ರೋ ಇಂಧನದ ಚಿಕ್ಕ ಎಂಜಿನ್ ಇರುವ ರಿಮೋಟ್ ಗಾಡಿ, ಮಾರುವವರ ಬಾಯಲ್ಲಿ ಮೊದಲು ಬರುವ ಮಾತು ಇದು. ಕೆಲವೊಮ್ಮೆ ಅದು ನಿಜವೇ ಆಗಿರುತ್ತದೆ. ಆದರೆ ಸವೆದುಹೋದ ಎಂಜಿನ್ನೂ, ಎಲ್ಲಿಂದಲೋ ಗಾಳಿ ಎಳೆಯುತ್ತಿರುವ ಎಂಜಿನ್ನೂ ಹೊರನೋಟಕ್ಕೆ ಟ್ಯೂನಿಂಗ್ ತಪ್ಪಿದ ಎಂಜಿನ್ನಿನ ಹಾಗೆಯೇ ನಡೆದುಕೊಳ್ಳುತ್ತವೆ. ಟ್ಯೂನಿಂಗ್, ಅಂದರೆ ಗಾಳಿ-ಇಂಧನದ ಮಿಶ್ರಣ, ತಪ್ಪಿದ್ದರೆ ಸ್ಕ್ರೂ ಡ್ರೈವರ್ ಸಾಕು. ಎಂಜಿನ್ ಸವೆದಿದ್ದರೆ ಪಿಸ್ಟನ್, ಸ್ಲೀವ್ (ಪಿಸ್ಟನ್ ಓಡಾಡುವ ಕೊಳವೆ), ಕನೆಕ್ಟಿಂಗ್ ರಾಡ್, ಬೇರಿಂಗ್ ಎಲ್ಲ ಬೇಕು. ಲೆಕ್ಕ ಹಾಕಿದರೆ ಹಲವು ಸಲ ಹೊಸ ಎಂಜಿನ್ನಿನ ಬೆಲೆಯ ಹತ್ತಿರ ಬರುತ್ತದೆ. ಇವೆರಡನ್ನು ಬೇರ್ಪಡಿಸಿ ನೋಡುವುದೇ ಕೊಳ್ಳುವವರ ಮುಖ್ಯ ಕೆಲಸ.

ಇಲ್ಲಿ ಹೇಳಿರುವುದು ಟ್ರಾಕ್ಸಾಸ್ ಕಂಪನಿಯ ಟಿ-ಮ್ಯಾಕ್ಸ್, ರೆವೊ, ಎಚ್‌ಪಿಐ ಕಂಪನಿಯ ಸ್ಯಾವೇಜ್ ಮುಂತಾದ ಮಾನ್‌ಸ್ಟರ್ ಟ್ರಕ್‌ಗಳನ್ನು ಮನಸ್ಸಿನಲ್ಲಿಟ್ಟುಕೊಂಡು. ಟಿ-ಮ್ಯಾಕ್ಸ್ ಬಂದದ್ದು 1999ರಲ್ಲಿ, ರೆವೊ 2004ರಲ್ಲಿ. ಎಂದರೆ ಕೈಗೆ ಸಿಗುವ ಗಾಡಿಗೆ ಇಪ್ಪತ್ತು ವರ್ಷ ದಾಟಿರಬಹುದು. ನೋಡಲು ಹೊರಡುವ ಮೊದಲೇ ಆ ಮಾದರಿಯ ಪಿಸ್ಟನ್-ಸ್ಲೀವ್, ಸ್ಪರ್ ಗೇರ್ (ಎಂಜಿನ್ನಿನ ಶಕ್ತಿಯನ್ನು ಗೇರ್‌ಬಾಕ್ಸಿಗೆ ದಾಟಿಸುವ ದೊಡ್ಡ ಗೇರ್), ಡಿಫರೆನ್ಷಿಯಲ್ ಗೇರ್ ಈಗಲೂ ಮಾರಾಟಕ್ಕಿವೆಯೇ ಎಂದು ಪಾರ್ಟ್ ನಂಬರ್ ಸಮೇತ ಹುಡುಕಿ. ಇಂಧನ ನಿಮ್ಮ ಊರಿನಲ್ಲಿ ಸಿಗುತ್ತದೆಯೇ ಎಂದೂ ವಿಚಾರಿಸಿ. ಮೆಥನಾಲ್, ನೈಟ್ರೋಮೀಥೇನ್, ಎಣ್ಣೆ ಸೇರಿದ ಈ ಇಂಧನದ ಬದಲು ಪೆಟ್ರೋಲ್ ಹಾಕಲು ಆಗುವುದಿಲ್ಲ.

ಜೊತೆಗೆ ಒಯ್ಯಬೇಕಾದದ್ದು

ಹೊಸ ಗ್ಲೋ ಪ್ಲಗ್ (ಕಾದ ತಂತಿಯಿಂದ ಇಂಧನ ಹತ್ತಿಸುವ ಪ್ಲಗ್) ಒಂದು, ಅದನ್ನು ಕಾಯಿಸಲು ಚಾರ್ಜ್ ಮಾಡಿದ ಗ್ಲೋ ಇಗ್ನೈಟರ್, 8 ಮಿ.ಮೀ. ಪ್ಲಗ್ ಸ್ಪ್ಯಾನರ್, 2 ಮತ್ತು 2.5 ಮಿ.ಮೀ. ಅಲೆನ್ ಕೀ, ಚಪ್ಪಟೆ ಸ್ಕ್ರೂ ಡ್ರೈವರ್, ಹೊಸ ಎಎ ಸೆಲ್ ಒಂದು ಡಜನ್, ಒಂದು ಅಡಿ ಸಿಲಿಕಾನ್ ಟ್ಯೂಬ್, ಸಿರಿಂಜ್, ಹತ್ತಿ ಕಡ್ಡಿ, ಟಾರ್ಚ್, ಹಳೆಯ ಹತ್ತಿ ಬಟ್ಟೆ. ಸಾಧ್ಯವಾದರೆ ದೂರದಿಂದ ಶಾಖ ಅಳೆಯುವ ಥರ್ಮಾಮೀಟರ್. ಮುಖ್ಯವಾಗಿ, ಸೀಲ್ ಒಡೆಯದ ಹೊಸ ಇಂಧನ, ಶೇ. 20 ನೈಟ್ರೋ ಇರುವ ಕಾರ್ ಇಂಧನವಾದರೆ ಈ ಎಂಜಿನ್‌ಗಳಿಗೆಲ್ಲ ಹೊಂದುತ್ತದೆ. ಮಾರುವವರ ಬಳಿ ಎರಡು ವರ್ಷದಿಂದ ಅರ್ಧ ತುಂಬಿ ನಿಂತ ಡಬ್ಬಿಯ ಮೇಲೆ ನಂಬಿಕೆ ಇಡಬೇಡಿ. ಮೆಥನಾಲ್ ಗಾಳಿಯಲ್ಲಿನ ತೇವವನ್ನು ಹೀರಿಕೊಳ್ಳುತ್ತದೆ. ನೀರು ಸೇರಿದ ಇಂಧನದಲ್ಲಿ ಒಳ್ಳೆಯ ಎಂಜಿನ್ನೂ ಕೆಟ್ಟದ್ದರ ಹಾಗೆ ಓಡುತ್ತದೆ, ಪರೀಕ್ಷೆಯೆಲ್ಲ ವ್ಯರ್ಥ.

ಮೊದಲು ಜಾಗ್ರತೆ

ಮೆಥನಾಲ್ ಬೆಂಕಿಯ ಜ್ವಾಲೆ ಹಗಲು ಬೆಳಕಿನಲ್ಲಿ ಬಹುಮಟ್ಟಿಗೆ ಕಾಣುವುದೇ ಇಲ್ಲ. ಚೆಲ್ಲಿದ ಇಂಧನ ಒರೆಸಿ, ಬಟ್ಟೆಯನ್ನು ದೂರ ಇಟ್ಟು, ಆಮೇಲೆ ಇಗ್ನೈಟರ್ ಮುಟ್ಟಿ. ಬೀಡಿ ಸಿಗರೇಟು ಹತ್ತಿರ ಬೇಡ. ಈ ದ್ರವ ವಿಷ: ಹೊಟ್ಟೆಗೆ ಹೋದರೆ ಕಣ್ಣೂ ಹೋಗಬಹುದು, ಪ್ರಾಣವೂ ಹೋಗಬಹುದು. ಚರ್ಮದ ಮೂಲಕವೂ ಒಳಗಿಳಿಯುತ್ತದೆ. ಟ್ಯೂಬ್‌ಗೆ ಬಾಯಿ ಹಚ್ಚಿ ಊದುವ, ಎಳೆಯುವ ಅಭ್ಯಾಸ ಖಂಡಿತ ಬೇಡ. ಸಿರಿಂಜ್ ಇರುವುದು ಅದಕ್ಕೇ. ಆಕಸ್ಮಿಕವಾಗಿ ಯಾರಾದರೂ ಕುಡಿದರೆ, ಆ ಗಳಿಗೆಯಲ್ಲಿ ಏನೂ ಆಗದಂತೆ ಕಂಡರೂ, ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಎಂಜಿನ್ ಶುರು ಮಾಡುವುದು ಬಯಲಲ್ಲಿ ಮಾತ್ರ. ಗ್ಯಾರೇಜ್, ವರಾಂಡ, ಬಾಗಿಲು ಮುಚ್ಚಿದ ಶೆಡ್ ಯಾವುದೂ ಬೇಡ, ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ. ಗಾಡಿಯನ್ನು ಗಟ್ಟಿ ಪೆಟ್ಟಿಗೆಯ ಮೇಲೆ ಕೂರಿಸಿ ನಾಲ್ಕೂ ಚಕ್ರ ಗಾಳಿಯಲ್ಲಿರುವಂತೆ ನೋಡಿಕೊಳ್ಳಿ. ಹಾಗಿರುವಾಗ ಥ್ರಾಟಲ್ ಪೂರ್ತಿ ಎಳೆಯಬೇಡಿ. ದೊಡ್ಡ ಟೈರ್ ಉಬ್ಬಿ ಹರಿಯಬಹುದು, ಭಾರವಿಲ್ಲದೆ ವೇಗವೇರಿದ ಎಂಜಿನ್ ಒಳಗೇ ಒಡೆಯಬಹುದು. ತುರ್ತಾಗಿ ನಿಲ್ಲಿಸಬೇಕಾದರೆ ಕಾರ್ಬುರೇಟರ್‌ಗೆ ಹೋಗುವ ಇಂಧನದ ಟ್ಯೂಬನ್ನು ಬೆರಳಲ್ಲಿ ಅದುಮಿ, ಇಲ್ಲವೇ ದಪ್ಪ ಬಟ್ಟೆಯಿಂದ ಸೈಲೆನ್ಸರ್ ಬಾಯಿ ಮುಚ್ಚಿ. ಈ ಎರಡು ಜಾಗ ಎಲ್ಲಿವೆ ಎಂದು ಶುರು ಮಾಡುವ ಮೊದಲೇ ಕೈಯಿಟ್ಟು ನೋಡಿಕೊಳ್ಳಿ. ಮಕ್ಕಳನ್ನು ದೂರ ನಿಲ್ಲಿಸಿ.

ಎಂಜಿನ್ ತಣ್ಣಗಿರುವಾಗಲೇ ಗೊತ್ತಾಗುವುದು

ನೀವು ಹೋಗುವಷ್ಟರಲ್ಲಿ ಎಂಜಿನ್ ಓಡಿಸಿ ಬಿಸಿ ಮಾಡಿಟ್ಟಿದ್ದರೆ ಪರೀಕ್ಷೆಯ ಅರ್ಧ ಹೋಯಿತು. "ನಾನು ಬರುವ ತನಕ ಶುರು ಮಾಡಬೇಡಿ" ಎಂದು ಫೋನಿನಲ್ಲೇ ಹೇಳಿಬಿಡಿ. ಗಾಡಿ ಕೈಗೆ ಬಂದ ಕೂಡಲೇ ಬ್ಯಾಟರಿ, ರಿಮೋಟ್ ಕಡೆ ಹೋಗದೆ ಈ ಕೆಲಸ ಮೊದಲು ಮಾಡಿ.

ಏರ್ ಫಿಲ್ಟರ್ ತೆಗೆದು, ಕಾರ್ಬುರೇಟರ್ ಬಾಯಿಯ ಒಳಗೋಡೆಯನ್ನು ಹತ್ತಿ ಕಡ್ಡಿಯಿಂದ ಒರೆಸಿ. ಎಣ್ಣೆ ಮಾತ್ರ ಬಂದರೆ ಸರಿ. ಮಣ್ಣಿನ ಬಣ್ಣ ಅಥವಾ ಮರಳಿನ ಕಣ ಬಂದರೆ ಧೂಳು ಫಿಲ್ಟರ್ ದಾಟಿ ಒಳಗೆ ಹೋಗಿದೆ ಎಂದರ್ಥ, ಪಿಸ್ಟನ್‌ಗೆ ಉಜ್ಜುಕಾಗದ ಹಾಕಿದಂತೆಯೇ. ಇಡೀ ತಪಾಸಣೆಯಲ್ಲಿ ಒಂದೇ ಒಂದು ಮಾಡಲು ಸಮಯವಿದ್ದರೆ ಇದನ್ನೇ ಮಾಡಿ. ಫಿಲ್ಟರ್ ಸ್ಪಂಜು ಎಣ್ಣೆಯಿಲ್ಲದೆ ಒಣಗಿದ್ದರೂ, ಕಾರ್ಬುರೇಟರ್ ಮೇಲೆ ಸಡಿಲವಾಗಿ ಕೂತಿದ್ದರೂ ಅನುಮಾನ ಪಡಿ.

ನಂತರ ಗ್ಲೋ ಪ್ಲಗ್ ಬಿಚ್ಚಿ ಫ್ಲೈವೀಲನ್ನು (ಎಂಜಿನ್ನಿನ ತುದಿಯಲ್ಲಿರುವ ಲೋಹದ ಚಕ್ರ) ಕೈಯಿಂದ ನಿಧಾನ ತಿರುಗಿಸಿ. ಪಿಸ್ಟನ್ ಮೇಲ್ತುದಿ ತಲುಪುವಾಗ ಸ್ವಲ್ಪ ಬಿಗಿ ಅನ್ನಿಸಬೇಕು. ಈ ಎಂಜಿನ್‌ಗಳಿಗೆ ಪಿಸ್ಟನ್ ರಿಂಗ್ ಇಲ್ಲ. ಅಲ್ಯೂಮಿನಿಯಂ ಪಿಸ್ಟನ್, ಕ್ರೋಮ್ ಲೇಪಿಸಿದ ಹಿತ್ತಾಳೆ ಸ್ಲೀವ್. ಸ್ಲೀವ್ ಮೇಲಕ್ಕೆ ಹೋದಂತೆ ಕೂದಲೆಳೆಯಷ್ಟು ಕಿರಿದಾಗುತ್ತದೆ. ತಣ್ಣಗಿರುವಾಗಿನ ಆ ಬಿಗಿ ಬಿಸಿಯಾದಾಗ ಹಿತ್ತಾಳೆ ಹಿಗ್ಗಿ ಸರಿಯಾದ ಅಂತರಕ್ಕೆ ಬರುತ್ತದೆ. ತಣ್ಣಗಿರುವಾಗಲೇ ಬಿಗಿ ಇಲ್ಲದೆ ಫ್ಲೈವೀಲ್ ಸರಾಗ ತಿರುಗಿದರೆ, ಬಿಸಿಯಾದ ಮೇಲೆ ಕಂಪ್ರೆಷನ್ ಉಳಿಯುವುದಿಲ್ಲ. ತೀರಾ ಬಿಗಿಯಾಗಿ ಮೇಲೆ ಕಚ್ಚಿಕೊಂಡರೆ ಹೆದರಬೇಡಿ, ಅದು ಕಡಿಮೆ ಓಡಿದ ಎಂಜಿನ್.

ಪ್ಲಗ್ ಮತ್ತೆ ಹಾಕಿ ಫ್ಲೈವೀಲನ್ನು ಕಂಪ್ರೆಷನ್‌ಗೆ ಎದುರಾಗಿ ಒತ್ತಿ ಹಿಡಿಯಿರಿ. ಒಳ್ಳೆಯ ಎಂಜಿನ್ ಕೆಲವು ಸೆಕೆಂಡ್ ತಡೆದು ನಿಲ್ಲುತ್ತದೆ. ತಕ್ಷಣ 'ಸುಸ್' ಎಂದು ಗಾಳಿ ಬಿಟ್ಟು ದಾಟಿದರೆ ಮೊದಲು ಪ್ಲಗ್ಗಿನ ತಾಮ್ರದ ವಾಷರ್, ಹೆಡ್ಡಿನ ಸ್ಕ್ರೂ ನೋಡಿ. ಅವು ಸರಿಯಿದ್ದರೆ ಗಾಳಿ ಹೋಗುತ್ತಿರುವುದು ಪಿಸ್ಟನ್ ಪಕ್ಕದಿಂದ.

ಇನ್ನು ಬೇರಿಂಗ್. ಫ್ಲೈವೀಲನ್ನು ಹಿಡಿದು ಮೇಲಕ್ಕೂ ಕೆಳಕ್ಕೂ ಅಲ್ಲಾಡಿಸಿ. ಉದ್ದಕ್ಕೆ, ಅಂದರೆ ಮುಂದೆ-ಹಿಂದೆ ಚೂರು ಜರುಗಿದರೆ ಸಹಜ. ಮೇಲೆ-ಕೆಳಗೆ ಪ್ಲೇ ಇರಲೇಬಾರದು. ಪ್ಲಗ್ ಬಿಚ್ಚಿ ತಿರುಗಿಸುವಾಗ ಮರಳು ಅರೆದಂತೆ ಸದ್ದು ಬಂದರೆ ಹಿಂದಿನ ಬೇರಿಂಗ್ ತುಕ್ಕು ಹಿಡಿದಿದೆ. ಓಡಿಸಿದ ಮೇಲೆ ಎಣ್ಣೆ ಬಿಡದೆ ಎತ್ತಿಟ್ಟ ಎಂಜಿನ್‌ಗಳಲ್ಲಿ ಇದು ತೀರಾ ಸಾಮಾನ್ಯ, ಏಕೆಂದರೆ ಸುಟ್ಟ ನೈಟ್ರೋದಿಂದ ಉಳಿಯುವ ಆಮ್ಲೀಯ ಕೊಳೆಯೂ ಮೆಥನಾಲ್ ಹೀರಿದ ನೀರೂ ಸೇರಿ ಉಕ್ಕನ್ನು ತಿನ್ನುತ್ತವೆ. ಕೊನೆಗೆ ಪಿಸ್ಟನ್ ಮೇಲ್ತುದಿಯ ಹತ್ತಿರ ಇರುವಾಗ ಪ್ಲಗ್ ರಂಧ್ರದೊಳಗೆ ಟಾರ್ಚ್ ಬಿಟ್ಟು ಫ್ಲೈವೀಲನ್ನು ಆಚೆ ಈಚೆ ಚೂರು ಜರುಗಿಸಿ. ಫ್ಲೈವೀಲ್ ಸರಿದರೂ ಪಿಸ್ಟನ್ ಸುಮ್ಮನೆ ಕೂತು, ಆಮೇಲೆ 'ಟಕ್' ಎಂದು ಹಿಂಬಾಲಿಸಿದರೆ ಕನೆಕ್ಟಿಂಗ್ ರಾಡ್ ಸವೆದಿದೆ. ಆ ರಾಡ್ ಓಡುವಾಗ ಮುರಿದರೆ ಪಿಸ್ಟನ್, ಸ್ಲೀವ್, ಕೆಲವೊಮ್ಮೆ ಕ್ರ್ಯಾಂಕ್‌ಕೇಸ್ ಕೂಡ ಅದರೊಂದಿಗೆ ಹೋಗುತ್ತವೆ.

ಲಕ್ಷಣ: ಎಂಜಿನ್ ತಿರುಗುವುದೇ ಇಲ್ಲ

ಹಗ್ಗ ಎಳೆದರೆ ಬರುವುದಿಲ್ಲ, ಅಥವಾ ಎಲೆಕ್ಟ್ರಿಕ್ ಸ್ಟಾರ್ಟರ್ ಗೊರಗುಟ್ಟಿ ನಿಲ್ಲುತ್ತದೆ. ಜೋರು ಮಾಡಬೇಡಿ. ಹಗ್ಗವನ್ನು ಒಂದು ಅಡಿಗಿಂತ ಹೆಚ್ಚು ಎಳೆದರೆ ಒಳಗಿನ ಸ್ಪ್ರಿಂಗ್ ಕಿತ್ತುಬರುತ್ತದೆ.

ಮೊದಲ ಅನುಮಾನ ಇಂಧನ ತುಂಬಿಕೊಂಡಿರುವುದು. ದ್ರವ ಕುಗ್ಗುವುದಿಲ್ಲ, ಪಿಸ್ಟನ್ ಅದಕ್ಕೆ ಡಿಕ್ಕಿ ಹೊಡೆದು ನಿಲ್ಲುತ್ತದೆ. ಇಗ್ನೈಟರ್ ತೆಗೆದು ದೂರವಿಡಿ, ಪ್ಲಗ್ ಬಿಚ್ಚಿ, ಗಾಡಿಯನ್ನು ತಲೆಕೆಳಗು ಮಾಡಿ, ರಂಧ್ರದ ಮುಂದೆ ಬಟ್ಟೆ ಹಿಡಿದು ಐದಾರು ಸಲ ತಿರುಗಿಸಿ. ಇಂಧನ ಪಿಚಕಾರಿಯಂತೆ ಚಿಮ್ಮುತ್ತದೆ. ಮುಖ ಅದರ ಎದುರಿಗೆ ಇರಬಾರದು. ಇದೇ ಕಾರಣವಾಗಿದ್ದರೆ ಖರ್ಚು ಸೊನ್ನೆ.

ಪ್ಲಗ್ ಬಿಚ್ಚಿದ ಮೇಲೂ ತಿರುಗದಿದ್ದರೆ ಎರಡು ಸಾಧ್ಯತೆ. ಇಂಧನದಲ್ಲಿನ ಹರಳೆಣ್ಣೆ ಒಣಗಿ ಅಂಟಾಗಿ ಹಿಡಿದುಕೊಂಡಿರಬಹುದು, ಇಲ್ಲವೇ ಬೇರಿಂಗ್ ತುಕ್ಕಿನಿಂದ ಸೀಜ್ ಆಗಿರಬಹುದು. ಟ್ಯಾಂಕಿನ ಇಂಧನ ಪೂರ್ತಿ ಖಾಲಿ ಮಾಡಿ, ಹೆಡ್ಡಿಗೆ ಹೇರ್ ಡ್ರೈಯರಿನಿಂದ ಐದು ನಿಮಿಷ ಶಾಖ ಕೊಟ್ಟು, ಪ್ಲಗ್ ರಂಧ್ರದಲ್ಲಿ ನಾಲ್ಕೈದು ಹನಿ ತೆಳು ಎಣ್ಣೆ ಬಿಟ್ಟು ಫ್ಲೈವೀಲನ್ನು ಕೈಯಿಂದಲೇ ಆಡಿಸಿ. ಹರಳೆಣ್ಣೆಯ ಅಂಟಾದರೆ ಬಿಡುತ್ತದೆ, ಎಂಜಿನ್ ಉಳಿಯುತ್ತದೆ. ಬಿಡದಿದ್ದರೆ ಅಲ್ಲಿಗೆ ನಿಲ್ಲಿಸಿ. ಎಗ್ಜಾಸ್ಟ್ ಪೋರ್ಟಿನೊಳಗೆ ಸ್ಕ್ರೂ ಡ್ರೈವರ್ ತೂರಿಸಿ ಪಿಸ್ಟನ್ ಒತ್ತುವುದು, ಇಕ್ಕಳದಿಂದ ತಿರುಚುವುದು ಎಂಜಿನ್ನನ್ನು ಕೊಂದಂತೆ. ಅಂಥ ಗಾಡಿಯನ್ನು ಎಂಜಿನ್ ಇಲ್ಲದ ಗಾಡಿಯ ಬೆಲೆಗೆ ಮಾತ್ರ ಕೇಳಿ.

ಸ್ಟಾರ್ಟರ್ ತಿರುಗುತ್ತದೆ ಆದರೆ ಫ್ಲೈವೀಲ್ ತಿರುಗುವುದಿಲ್ಲ ಎಂದಾದರೆ ಅದು ಬೇರೆಯೇ ಕತೆ: ಎಂಜಿನ್ ಹಿಂದಿನ ಒನ್-ವೇ ಬೇರಿಂಗ್ ಜಾರುತ್ತಿದೆ. ಅದು ದೊಡ್ಡ ದೋಷವಲ್ಲ. ಬಿಚ್ಚಿ ತೊಳೆದರೆ ಹಲವು ಸಲ ಸರಿಹೋಗುತ್ತದೆ, ಬದಲಿಸಿದರೂ ಖರ್ಚು ಕಡಿಮೆ.

ಲಕ್ಷಣ: ತಿರುಗುತ್ತದೆ, ಹತ್ತಿಕೊಳ್ಳುವುದಿಲ್ಲ

ಅಗ್ಗದ್ದರಿಂದ ಶುರು ಮಾಡಿ. ಪ್ಲಗ್ ಬಿಚ್ಚಿ ಇಗ್ನೈಟರಿಗೆ ಸಿಕ್ಕಿಸಿ. ಒಳಗಿನ ಸುರುಳಿ ತಂತಿ ಪ್ರಕಾಶಮಾನ ಕಿತ್ತಳೆ ಬಣ್ಣಕ್ಕೆ ಹೊಳೆಯಬೇಕು. ಮಂಕಾಗಿ ಕೆಂಪಾದರೆ ಇಗ್ನೈಟರ್ ಚಾರ್ಜ್ ಇಲ್ಲ, ಹೊಳೆಯದೇ ಇದ್ದರೆ ಪ್ಲಗ್ ಸುಟ್ಟಿದೆ. ಬಿಸಿ ಪ್ಲಗ್ಗನ್ನು ಇಂಧನದ ಹತ್ತಿರ ತರಬೇಡಿ. ಹಾಗೆಯೇ ಆ ತಂತಿಯನ್ನು ಚೆನ್ನಾಗಿ ನೋಡಿ, ಅದು ಎಂಜಿನ್ನಿನ ಚರಿತ್ರೆ ಹೇಳುತ್ತದೆ. ಬೆಳ್ಳಿಯಂತೆ ಮಿನುಗುತ್ತ ಒದ್ದೆಯಾಗಿದ್ದರೆ ಮಿಶ್ರಣ ಸರಿಯಿತ್ತು ಅಥವಾ ಸ್ವಲ್ಪ ರಿಚ್ (ಇಂಧನ ಹೆಚ್ಚು) ಇತ್ತು. ಬೂದು ಬಣ್ಣಕ್ಕೆ ತಿರುಗಿ ಸೊಟ್ಟಗಾಗಿದ್ದರೆ ಲೀನ್ (ಇಂಧನ ಕಡಿಮೆ) ಆಗಿ ಬಿಸಿ ಓಡಿದೆ. ಚಿಕ್ಕ ಲೋಹದ ಕಣ ಅಂಟಿಕೊಂಡಿದ್ದರೆ ಒಳಗೆ ಏನೋ ಸವೆಯುತ್ತಿದೆ. ಅದು ಕನೆಕ್ಟಿಂಗ್ ರಾಡ್ ಅಥವಾ ಬೇರಿಂಗ್ ಇರಬಹುದು.

ಪ್ಲಗ್ ಸರಿಯಿದ್ದರೆ ಇಂಧನ ಮುಟ್ಟುತ್ತಿದೆಯೇ ನೋಡಿ. ಸೈಲೆನ್ಸರ್ ಬಾಯನ್ನು ಬೆರಳಲ್ಲಿ ಮುಚ್ಚಿ ಎರಡು ಮೂರು ಸಲ ತಿರುಗಿಸಿದರೆ ಟ್ಯೂಬಿನಲ್ಲಿ ಇಂಧನ ಕಾರ್ಬುರೇಟರ್ ಕಡೆಗೆ ಸರಿಯುವುದು ಕಣ್ಣಿಗೆ ಕಾಣುತ್ತದೆ. ಸರಿಯದಿದ್ದರೆ ಟ್ಯಾಂಕ್ ಮುಚ್ಚಳದ ಒ-ರಿಂಗ್, ಸೈಲೆನ್ಸರಿನಿಂದ ಟ್ಯಾಂಕಿಗೆ ಬರುವ ಪ್ರೆಷರ್ ಟ್ಯೂಬ್, ಇಂಧನದ ಫಿಲ್ಟರ್ ಪರೀಕ್ಷಿಸಿ. ಕಾರ್ಬುರೇಟರ್ ತನಕ ಬಂದೂ ಹತ್ತದಿದ್ದರೆ ಯಾರೋ ನೀಡಲ್‌ಗಳನ್ನು (ಇಂಧನದ ಪ್ರಮಾಣ ಹೊಂದಿಸುವ ಸ್ಕ್ರೂಗಳು; ವೇಗದ ಓಟಕ್ಕೆ ಹೈ-ಸ್ಪೀಡ್, ನಿಧಾನದ್ದಕ್ಕೆ ಲೋ-ಸ್ಪೀಡ್) ಮನಬಂದಂತೆ ತಿರುಗಿಸಿರಬಹುದು. ಆ ಎಂಜಿನ್ನಿನ ಕೈಪಿಡಿಯಲ್ಲಿ ಹೇಳಿದ ಮೊದಲ ಸ್ಥಾನಕ್ಕೆ ತನ್ನಿ. ಉದಾಹರಣೆಗೆ ಟ್ರಾಕ್ಸಾಸ್‌ನ ಟಿಆರ್‌ಎಕ್ಸ್ 3.3 ಎಂಜಿನ್‌ಗೆ ಹೈ-ಸ್ಪೀಡ್ ನೀಡಲ್ ಪೂರ್ತಿ ಮುಚ್ಚಿದ ಸ್ಥಿತಿಯಿಂದ ನಾಲ್ಕು ಸುತ್ತು ಬಿಚ್ಚಿದ ಸ್ಥಾನ. ಮುಚ್ಚುವಾಗ ತಾಗಿದ ಕೂಡಲೇ ನಿಲ್ಲಿಸಿ. ಒತ್ತಿ ಬಿಗಿದರೆ ನೀಡಲ್ ತುದಿ ಹಾಳು.

ಥ್ರಾಟಲ್ ಬಿಟ್ಟಾಗ ಕಾರ್ಬುರೇಟರ್ ಪೂರ್ತಿ ಮುಚ್ಚಿರಬಾರದು, ಅರ್ಧದಿಂದ ಒಂದು ಮಿ.ಮೀ. ಸಂದು ಇರಬೇಕು. ಈ ಸಂದು ಇಲ್ಲದೆ ಒದ್ದಾಡುವ ಗಾಡಿಗಳೂ ಸಿಗುತ್ತವೆ.

ಲಕ್ಷಣ: ಇಗ್ನೈಟರ್ ತೆಗೆದ ಕೂಡಲೇ ನಿಲ್ಲುತ್ತದೆ

ಹತ್ತರಲ್ಲಿ ಎಂಟು ಸಲ ಗ್ಲೋ ಪ್ಲಗ್ ದುರ್ಬಲವಾಗಿರುವುದೇ ಕಾರಣ. ನೀವು ತಂದ ಹೊಸದನ್ನು ಹಾಕಿ ನೋಡಿ. ಅದರಲ್ಲೂ ನಿಂತರೆ ಲೋ-ಸ್ಪೀಡ್ ನೀಡಲ್ ತೀರಾ ರಿಚ್ ಇದೆ, ಇಂಧನ ಹೆಚ್ಚಾಗಿ ತಂತಿ ತಣ್ಣಗಾಗುತ್ತಿದೆ. ಹೀಗಾದಾಗ ಸೈಲೆನ್ಸರಿನಿಂದ ದಟ್ಟ ಹೊಗೆ, ಎಣ್ಣೆ ಹನಿ ಬರುತ್ತವೆ.

ಲಕ್ಷಣ: ಐಡ್ಲಿಂಗ್ ಒಂದೇ ಸಮ ಇರುವುದಿಲ್ಲ

ಒಮ್ಮೆ ಏರುತ್ತದೆ, ಒಮ್ಮೆ ಇಳಿಯುತ್ತದೆ. ಥ್ರಾಟಲ್ ಬಿಟ್ಟರೂ ಕೆಲ ಸೆಕೆಂಡ್ ಕಿರುಚುತ್ತಲೇ ಇರುತ್ತದೆ. ಬೆಳಿಗ್ಗೆ ಮಾಡಿದ ಟ್ಯೂನಿಂಗ್ ಮಧ್ಯಾಹ್ನಕ್ಕೆ ಹಿಡಿಯುವುದಿಲ್ಲ. "ಟ್ಯೂನಿಂಗ್ ಆಗಬೇಕು" ಎಂಬ ಮಾತಿನ ಹಿಂದೆ ಹೆಚ್ಚಾಗಿ ಅಡಗಿರುವುದು ಇದೇ: ಎಂಜಿನ್ ಬೇರೆಲ್ಲಿಂದಲೋ ಗಾಳಿ ಎಳೆಯುತ್ತಿದೆ. ನೀಡಲ್ ತಿರುಗಿಸಿದಷ್ಟೂ ದಾರಿ ತಪ್ಪುತ್ತದೆ. ಹುಡುಕುವ ಕ್ರಮ ಹೀಗೆ.

ಎಂಜಿನ್ ನಿಲ್ಲಿಸಿ, ತಣ್ಣಗಾದ ಮೇಲೆ ಕಾರ್ಬುರೇಟರ್ ಬುಡ, ಹಿಂದಿನ ಪ್ಲೇಟ್, ಫ್ಲೈವೀಲ್ ಹಿಂಬದಿ ಒರೆಸಿ ಸ್ವಚ್ಛ ಮಾಡಿ. ಮತ್ತೆ ಎರಡು ನಿಮಿಷ ಓಡಿಸಿ ನೋಡಿ. ಎಲ್ಲಿ ಹೊಸದಾಗಿ ಎಣ್ಣೆ ಗುಳ್ಳೆ ಬರುತ್ತದೋ ಅಲ್ಲಿಂದಲೇ ಗಾಳಿ ಒಳಗೆ ಹೋಗುತ್ತಿದೆ. ಕಾರ್ಬುರೇಟರ್ ಬುಡದಲ್ಲಾದರೆ ಒ-ರಿಂಗ್ ಬದಲಿಸಿದರೆ ಸಾಕು. ಹಿಂದಿನ ಪ್ಲೇಟಿನಲ್ಲಾದರೆ ಗ್ಯಾಸ್ಕೆಟ್. ಫ್ಲೈವೀಲ್ ಹಿಂದಿನಿಂದ ಇಂಧನ ಎರಚುತ್ತಿದ್ದರೆ ಮುಂದಿನ ಬೇರಿಂಗ್ ಹೋಗಿದೆ. ಅದಕ್ಕೆ ಎಂಜಿನ್ ಪೂರ್ತಿ ಬಿಚ್ಚಬೇಕು.

ಟ್ಯಾಂಕನ್ನೂ ಮರೆಯಬೇಡಿ. ಬಿಚ್ಚಿ ಇಂಧನ ಖಾಲಿ ಮಾಡಿ, ಒಂದು ಟ್ಯೂಬನ್ನು ಮಡಚಿ ಕಟ್ಟಿ, ಇನ್ನೊಂದಕ್ಕೆ ಸಿರಿಂಜಿನಿಂದ ಗಾಳಿ ಒತ್ತಿ ನೀರಿನಲ್ಲಿ ಮುಳುಗಿಸಿ. ಗುಳ್ಳೆ ಎದ್ದ ಜಾಗವೇ ಬಿರುಕು. ಆಮೇಲೆ ಪೂರ್ತಿ ಒಣಗಿಸದೆ ಇಂಧನ ತುಂಬಬೇಡಿ.

ಸೋರಿಕೆ ಎಲ್ಲೂ ಇಲ್ಲದಿದ್ದರೆ ಆಗ ಮಾತ್ರ ಟ್ಯೂನಿಂಗ್. ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಐಡ್ಲಿಂಗಿನಲ್ಲಿ ಇಂಧನದ ಟ್ಯೂಬ್ ಅದುಮಿ ಎಣಿಸಿ. ಎರಡರಿಂದ ನಾಲ್ಕು ಸೆಕೆಂಡಿನಲ್ಲಿ ವೇಗ ಚೂರು ಏರಿ ನಿಂತರೆ ಲೋ-ಸ್ಪೀಡ್ ನೀಡಲ್ ಸರಿ. ತಕ್ಷಣ ನಿಂತರೆ ಲೀನ್. ಬಹಳ ಹೊತ್ತು ಓಡಿದರೆ ರಿಚ್. ತಿದ್ದುವುದು ಪ್ರತಿ ಸಲ ಒಂದು ಸುತ್ತಿನ ಹದಿನಾರನೇ ಒಂದು ಭಾಗದಷ್ಟು ಮಾತ್ರ.

ಲಕ್ಷಣ: ಬಿಸಿಯಾದ ಮೇಲೆ ನಿಂತರೆ ಮತ್ತೆ ಹತ್ತುವುದಿಲ್ಲ

ಕೊಳ್ಳುವವರು ಅತಿ ಹೆಚ್ಚು ಮೋಸ ಹೋಗುವುದು ಇಲ್ಲಿ. ತಣ್ಣಗಿರುವಾಗ ಒಂದೇ ಎಳೆತಕ್ಕೆ ಹತ್ತುತ್ತದೆ, ಎರಡು ನಿಮಿಷ ಸೊಗಸಾಗಿ ಗರ್ಜಿಸುತ್ತದೆ, ಮಾರುವವರು ನಿಲ್ಲಿಸಿ "ನೋಡಿದಿರಲ್ಲ" ಎನ್ನುತ್ತಾರೆ. ಸವೆದ ಪಿಸ್ಟನ್-ಸ್ಲೀವ್ ತಣ್ಣಗಿರುವಾಗ ಹೀಗೇ ನಡೆದುಕೊಳ್ಳುತ್ತದೆ. ಪೂರ್ತಿ ಹತ್ತು ನಿಮಿಷ ನೆಲದ ಮೇಲೆ ಓಡಿಸಿ, ನಿಲ್ಲಿಸಿ, ಅರ್ಧ ನಿಮಿಷ ಬಿಟ್ಟು ಮತ್ತೆ ಶುರು ಮಾಡಲು ಕೇಳಿ. ಇದಕ್ಕೆ ಒಪ್ಪದವರ ಗಾಡಿ ಬೇಡ.

ಹತ್ತದಿದ್ದರೆ ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಹೆಡ್ಡಿನ ರೆಕ್ಕೆಗಳ ಮೇಲೆ ಒಂದೆರಡು ನಿಮಿಷ ಇಡಿ. ತಣಿದ ಮೇಲೆ ಹತ್ತಿದರೆ ತೀರ್ಪು ಬಂದಂತೆಯೇ: ಹಿತ್ತಾಳೆ ಹಿಗ್ಗಿದಾಗ ಕಂಪ್ರೆಷನ್ ಉಳಿಯುತ್ತಿಲ್ಲ, ಪಿಸ್ಟನ್-ಸ್ಲೀವ್ ಬದಲಿಸಬೇಕು. ತಣಿದರೂ ಹತ್ತದಿದ್ದರೆ ಇನ್ನೂ ಆಸೆ ಇದೆ; ಇಂಧನ ತುಂಬಿಕೊಂಡಿರಬಹುದು ಅಥವಾ ಪ್ಲಗ್ ಆಗಷ್ಟೇ ಸುಟ್ಟಿರಬಹುದು.

ಎಗ್ಜಾಸ್ಟ್ ಪೈಪ್ ಬಿಚ್ಚಲು ಅನುಮತಿ ಸಿಕ್ಕರೆ ಪೋರ್ಟಿನೊಳಗೆ ಪಿಸ್ಟನ್ ಮೈ ಕಾಣುತ್ತದೆ. ಕಂದು ಬಣ್ಣದ ಮೆರುಗು ಸಹಜ. ಉದ್ದುದ್ದ ಗೀರು ಧೂಳಿನದು. ಸ್ಲೀವಿನ ಕ್ರೋಮ್ ಎದ್ದು ಹಿತ್ತಾಳೆಯ ಹಳದಿ ಇಣುಕುತ್ತಿದ್ದರೆ ಆ ಎಂಜಿನ್ನಿಗೆ ಬೆಲೆ ಕಟ್ಟಬೇಡಿ.

ಲಕ್ಷಣ: ವಿಪರೀತ ಬಿಸಿ, ಪಿಕಪ್ ಇಲ್ಲ

ಥರ್ಮಾಮೀಟರನ್ನು ಪ್ಲಗ್ ಬುಡದ ಕಡೆಗೆ ಹಿಡಿದು ನೋಡಿ. 105ರಿಂದ 125 ಡಿಗ್ರಿ ಸೆಲ್ಸಿಯಸ್ ಆರೋಗ್ಯಕರ. 130 ದಾಟಿದರೆ ಕೂಡಲೇ ನಿಲ್ಲಿಸಿ. ಉಪಕರಣವಿಲ್ಲದಿದ್ದರೆ ಹೆಡ್ಡಿನ ಮೇಲೆ ಒಂದು ಹನಿ ನೀರು: ಮೂರರಿಂದ ಐದು ಸೆಕೆಂಡಿನಲ್ಲಿ ಆರಿದರೆ ಸರಿ, ಬಿದ್ದ ಕ್ಷಣವೇ ಚುರ್ ಎಂದು ಹಾರಿದರೆ ಅತಿ ಬಿಸಿ. ಬಿಸಿಯ ಜೊತೆ ಹೊಗೆಯೂ ಇಲ್ಲದಿದ್ದರೆ ಮಿಶ್ರಣ ಲೀನ್ ಆಗಿದೆ, ಹೈ-ಸ್ಪೀಡ್ ನೀಡಲನ್ನು ಎಂಟನೇ ಒಂದು ಸುತ್ತು ಬಿಚ್ಚಿ. ಓಡುವಾಗ ಸೈಲೆನ್ಸರಿನಿಂದ ತೆಳುನೀಲಿ ಹೊಗೆಯ ಎಳೆ ಯಾವಾಗಲೂ ಕಾಣಬೇಕು, ಏಕೆಂದರೆ ಎಂಜಿನ್ನಿಗೆ ಎಣ್ಣೆ ಬರುವುದು ಇಂಧನದ ಜೊತೆಗೇ. ಇಂಧನ ಕಡಿಮೆಯಾದರೆ ಎಣ್ಣೆಯೂ ಕಡಿಮೆ.

ಊರಿನ ಎತ್ತರವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ, ಗಾಳಿಯ ಸಾಂದ್ರತೆ ಕರಾವಳಿಗಿಂತ ಹತ್ತನೇ ಒಂದು ಪಾಲಿನಷ್ಟು ಕಡಿಮೆ. ಮಂಗಳೂರಿನಲ್ಲೋ ದುಬೈನಲ್ಲೋ ಟ್ಯೂನ್ ಮಾಡಿದ ಗಾಡಿ ಬೆಂಗಳೂರಿನಲ್ಲಿ ರಿಚ್ ಆಗಿ ಮಂಕಾಗಿ ಓಡುತ್ತದೆ, ಅದು ದೋಷವಲ್ಲ. ಅಪಾಯ ಇರುವುದು ಉಲ್ಟಾ ಪ್ರಯಾಣದಲ್ಲಿ. ಬೆಂಗಳೂರಿನ ಟ್ಯೂನಿಂಗಿನಲ್ಲೇ ಘಟ್ಟ ಇಳಿಸಿ ಓಡಿಸಿದರೆ ಲೀನ್ ಆಗಿ ಎಂಜಿನ್ ಸುಡುತ್ತದೆ. ಕೆಳಗಿಳಿದ ಮೇಲೆ ಮೊದಲು ನೀಡಲ್ ಬಿಚ್ಚಿ, ಆಮೇಲೆ ಓಡಿಸಿ.

ಲಕ್ಷಣ: ಎಂಜಿನ್ ಕೂಗುತ್ತದೆ, ಗಾಡಿ ಮುಂದೆ ಹೋಗುವುದಿಲ್ಲ

ಎಂಜಿನ್ ನಿಲ್ಲಿಸಿ, ಗಾಡಿಯನ್ನು ಮಗುಚಿ ಸ್ಪರ್ ಗೇರ್ ನೋಡಿ. ಪ್ಲಾಸ್ಟಿಕ್ ಹಲ್ಲು ಸವೆದು ಕತ್ತಿಯಂತೆ ಚೂಪಾಗಿದ್ದರೆ ಬದಲಿಸಿ, ಅಗ್ಗದ ಭಾಗ. ಹೊಸದನ್ನು ಕೂರಿಸುವಾಗ ಎರಡು ಗೇರಿನ ನಡುವೆ ಕಾಗದದ ಚೂರು ಇಟ್ಟು ಬಿಗಿದು, ಆಮೇಲೆ ಕಾಗದ ತೆಗೆದರೆ ಸಂದು ಸರಿಯಾಗಿ ಕೂರುತ್ತದೆ.

ಕ್ಲಚ್ ಬೆಲ್ (ಕ್ಲಚ್ಚನ್ನು ಮುಚ್ಚಿಕೊಂಡು ಸ್ಪರ್ ಗೇರ್ ತಿರುಗಿಸುವ ಬಟ್ಟಲು) ಕೈಯಲ್ಲಿ ಸರಾಗ ತಿರುಗಬೇಕು. ಐಡ್ಲಿಂಗಿನಲ್ಲೇ ಗಾಡಿ ನೆಲದ ಮೇಲೆ ತೆವಳಿದರೆ ಒಂದೋ ಐಡ್ಲಿಂಗ್ ಹೆಚ್ಚಿದೆ, ಇಲ್ಲವೇ ಕ್ಲಚ್ ಸ್ಪ್ರಿಂಗ್ ಮುರಿದಿದೆ, ಇಲ್ಲವೇ ಬೆಲ್ಲಿನೊಳಗಿನ ಬೇರಿಂಗ್ ಹಿಡಿದುಕೊಂಡಿದೆ. ಟ್ರಾಕ್ಸಾಸ್ ಗಾಡಿಗಳಲ್ಲಿ ಅಲ್ಲಿ ಬರುವುದು 5×11×4 ಮಿ.ಮೀ. ಬೇರಿಂಗ್, ಬೇರೆ ಅಂಗಡಿಗಳಲ್ಲೂ ಸಿಗುವ ಅಳತೆ.

ಡಿಫರೆನ್ಷಿಯಲ್ ಪರೀಕ್ಷೆಗೆ ಸ್ಪರ್ ಗೇರನ್ನು ಅಲ್ಲಾಡದಂತೆ ಹಿಡಿದು ಹಿಂದಿನ ಒಂದು ಚಕ್ರ ತಿರುಗಿಸಿ. ಇನ್ನೊಂದು ಉಲ್ಟಾ ದಿಕ್ಕಿನಲ್ಲಿ ನುಣುಪಾಗಿ ತಿರುಗಬೇಕು. 'ಕಟಕಟ' ಅಂದರೆ ಒಳಗೆ ಹಲ್ಲು ಹೋಗಿದೆ. ಮುಂದಿನದಕ್ಕೂ ಹಾಗೇ ಮಾಡಿ. ರಿವರ್ಸ್ ಇರುವ ಟಿ-ಮ್ಯಾಕ್ಸ್, ರೆವೊ ಆದರೆ ಪೂರ್ತಿ ನಿಲ್ಲಿಸಿ ರಿವರ್ಸ್ ಹಾಕಿ. ಗರಗರ ಸದ್ದು ಬಂದರೆ ಗೇರ್‌ಬಾಕ್ಸ್ ಬಿಚ್ಚಬೇಕಾಗುತ್ತದೆ. ಅನುಭವವಿಲ್ಲದವರು ಅದಕ್ಕೆ ಕೈ ಹಾಕುವ ಬದಲು ಆರ್‌ಸಿ (ರಿಮೋಟ್ ಗಾಡಿಗಳ) ಅಂಗಡಿಯವರಿಗೆ ಕೊಡುವುದು ಮೇಲು.

ಲಕ್ಷಣ: ಸರ್ವೋ ನಡುಗುತ್ತದೆ, ಗಾಡಿ ಹೇಳಿದ ಮಾತು ಕೇಳುವುದಿಲ್ಲ

ಸರ್ವೋ ಎಂದರೆ ರಿಮೋಟ್ ಹೇಳಿದಂತೆ ಸ್ಟಿಯರಿಂಗ್, ಥ್ರಾಟಲ್ ಆಡಿಸುವ ಚಿಕ್ಕ ಮೋಟಾರ್. ಅದರ ನಡುಕವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಥ್ರಾಟಲ್ ತೆರೆದ ಸ್ಥಿತಿಯಲ್ಲಿ ಸಿಗ್ನಲ್ ಕಡಿದುಹೋದರೆ ಕೆಲವು ಕಿಲೋ ತೂಕದ ಗಾಡಿ ಪೂರ್ಣ ವೇಗದಲ್ಲಿ ಜನರ ಮೇಲೆ ನುಗ್ಗುತ್ತದೆ. ಮೊದಲು ರಿಮೋಟ್ ಮತ್ತು ಗಾಡಿ ಎರಡರ ಸೆಲ್ಲೂ ಬದಲಿಸಿ. ಬಹುಪಾಲು ನಡುಕ ಅಲ್ಲಿಗೇ ನಿಲ್ಲುತ್ತದೆ. ಆಮೇಲೆ ಎಂಜಿನ್ ಬಂದ್ ಇರುವಾಗ ಥ್ರಾಟಲ್ ಅರ್ಧ ಎಳೆದು ಹಿಡಿದು, ಇನ್ನೊಬ್ಬರಿಂದ ರಿಮೋಟ್ ಸ್ವಿಚ್ ಆಫ್ ಮಾಡಿಸಿ. ಸರ್ವೋ ತಾನಾಗಿ ಬ್ರೇಕ್ ಕಡೆಗೆ ಮರಳಿದರೆ ಫೇಲ್‌ಸೇಫ್ (ಸಿಗ್ನಲ್ ಹೋದಾಗ ಗಾಡಿ ನಿಲ್ಲಿಸುವ ವ್ಯವಸ್ಥೆ) ಕೆಲಸ ಮಾಡುತ್ತಿದೆ. ಮರಳದಿದ್ದರೆ, ಹಳೆಯ 27 ಮೆಗಾಹರ್ಟ್ಸ್ ಸೆಟ್‌ಗಳಲ್ಲಿ ಇದು ಮಾಮೂಲು, ಆ ದಿನ ಎಂಜಿನ್ ಶುರು ಮಾಡಿ ಓಡಿಸುವುದೇ ಬೇಡ. 2.4 ಗಿಗಾಹರ್ಟ್ಸ್ ರೇಡಿಯೋ ಹಾಕಿಸುವ ಖರ್ಚನ್ನು ಬೆಲೆಯಿಂದ ಕಳೆಯಿರಿ. ಥ್ರಾಟಲ್ ಕೊಂಡಿಗೆ ಹಿಂದಕ್ಕೆಳೆಯುವ ಚಿಕ್ಕ ಸ್ಪ್ರಿಂಗ್ ಇದೆಯೇ ಎಂದೂ ನೋಡಿ, ಬ್ಯಾಟರಿ ಸತ್ತರೆ ಎಂಜಿನ್ನನ್ನು ಐಡ್ಲಿಂಗಿಗೆ ತರುವುದು ಅದೊಂದೇ.

ಚಾಸಿ, ಸಸ್ಪೆನ್ಷನ್

ಇಲ್ಲಿ ದೋಷಗಳು ಕಣ್ಣಿಗೆ ಕಾಣುವಂಥವು, ಬಹುತೇಕ ಅಗ್ಗವೂ ಹೌದು. ಸಮತಟ್ಟಾದ ಕಲ್ಲಿನ ಮೇಲಿಟ್ಟು ಚಾಸಿ ಸೊಟ್ಟಗಾಗಿದೆಯೇ ನೋಡಿ. ಸಸ್ಪೆನ್ಷನ್ ತೋಳುಗಳು ಬಂದು ಕೂರುವ ಬಲ್ಕ್‌ಹೆಡ್ಡಿನಲ್ಲಿ ಬಿರುಕು ಹುಡುಕಿ. ಶಾಕ್ ಎಣ್ಣೆ ಸೋರಿದ್ದರೆ ಒ-ರಿಂಗ್ ಸಾಕು. ಸ್ಕ್ರೂ ತಲೆಗಳು ಉರುಟಾಗಿದ್ದರೆ, ಒಂದೊಂದು ಒಂದೊಂದು ಜಾತಿಯವಾಗಿದ್ದರೆ, ಗಾಡಿ ಒರಟು ಕೈಯಲ್ಲಿ ಹಲವು ಸಲ ಬಿಚ್ಚಿಸಿಕೊಂಡಿದೆ. ಥಳಥಳ ಹೊಳೆಯುವ ಹೊಸ ಬಾಡಿ, ಬಣ್ಣದ ಅಲ್ಯೂಮಿನಿಯಂ ಭಾಗಗಳನ್ನು ನೋಡಿ ಬೆಲೆ ಏರಿಸಬೇಡಿ.

ಬೆಲೆ ಮಾತಾಡುವಾಗ

ಪ್ಲಗ್, ಟ್ಯೂಬ್, ಒ-ರಿಂಗ್, ಸ್ಪರ್ ಗೇರ್, ಕ್ಲಚ್ ಬೇರಿಂಗ್ ದೋಷಗಳಿಗೆ ಚೂರು ಕಡಿಮೆ ಕೇಳಿ ಕೊಂಡುಕೊಳ್ಳಬಹುದು. ಕಾರ್ಬುರೇಟರಿನೊಳಗೆ ಮಣ್ಣು, ಬಿಸಿಯಲ್ಲಿ ಹತ್ತದಿರುವುದು, ಫ್ಲೈವೀಲ್ ಪ್ಲೇ, ರಾಡಿನ ಟಕ್ ಸದ್ದು, ಈ ನಾಲ್ಕರಲ್ಲಿ ಒಂದಿದ್ದರೂ ಹೊಸ ಎಂಜಿನ್ನಿನ ಬೆಲೆ ಕಳೆದು ಉಳಿದದ್ದಕ್ಕೆ ಮಾತ್ರ ಗಾಡಿ ಕೇಳಿ. ಶುರು ಮಾಡಿ ತೋರಿಸಲಾಗದ ಗಾಡಿಗೂ ಇದೇ ಲೆಕ್ಕ.

ಒಪ್ಪಿಗೆಯಾದರೆ ಮನೆಗೆ ತರುವ ಮೊದಲು ಟ್ಯಾಂಕ್ ಖಾಲಿ ಮಾಡಿ, ಟ್ಯೂಬಿನಲ್ಲಿ ಉಳಿದದ್ದು ಮುಗಿದು ಎಂಜಿನ್ ತಾನಾಗಿ ನಿಲ್ಲುವ ತನಕ ಓಡಿಸಿ. ತಣ್ಣಗಾದ ಮೇಲೆ ಪ್ಲಗ್ ಬಿಚ್ಚಿ ಪ್ಲಗ್ ರಂಧ್ರಕ್ಕೂ ಕಾರ್ಬುರೇಟರಿಗೂ ನಾಲ್ಕಾರು ಹನಿ ಆಫ್ಟರ್-ರನ್ ಎಣ್ಣೆ (ಓಡಿಸಿದ ಮೇಲೆ ತುಕ್ಕು ತಡೆಯಲು ಬಿಡುವ ಎಣ್ಣೆ) ಬಿಟ್ಟು ಕೆಲವು ಸುತ್ತು ತಿರುಗಿಸಿ, ಪಿಸ್ಟನ್ನನ್ನು ಕೆಳತುದಿಯಲ್ಲಿ ನಿಲ್ಲಿಸಿ ಎತ್ತಿಡಿ. ಹೊರದೇಶದಿಂದ ವಿಮಾನದಲ್ಲಿ ತರುವುದಾದರೆ ಇಂಧನದ ಡಬ್ಬಿಗೆ ಚೀಲದಲ್ಲಿ ಜಾಗವಿಲ್ಲ, ಕೈಚೀಲದಲ್ಲೂ ಇಲ್ಲ. ಒಮ್ಮೆ ಓಡಿದ ಎಂಜಿನ್ ಇರುವ ಗಾಡಿಯನ್ನು ಒಯ್ಯಬಹುದೇ ಎಂದು ಟಿಕೆಟ್ ಮಾಡಿಸುವಾಗಲೇ ಏರ್‌ಲೈನ್ಸ್‌ನವರನ್ನು ಕೇಳಿ ಬರಹದಲ್ಲಿ ಉತ್ತರ ಪಡೆಯಿರಿ, ಇಂಧನದ ವಾಸನೆ ಬಂದರೂ ತಡೆಯುತ್ತಾರೆ.